ಬೆರಳಿಗೆ ಬೆಲೆ ಕಟ್ಟಿದ ಕಥೆ

(ಬಾನುಲಿ ಭಾಷಣದ ಬರೆಹರೂಪ)

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರು ಯಾವ ಕಾರಣದಿಂದ ಬಂದಿದ್ದರೂ ಇಪ್ಪತ್ತನೆಯ ಶತಮಾನದಲ್ಲಿ ಅದು ಅನ್ವರ್ಥವಾಯಿತೆಂಬುದರಲ್ಲಿ ಸಂದೇಹವಿಲ್ಲ. 1923ರ ಜನವರಿ 18ರಂದು ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಊದುಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರಾ ನದಿಯ ನೀರು, ಇವು ಮೂರೂ ಕೂಡಿ ಬೀಡುಕಬ್ಬಿಣವಾಗಿ ಹರಿದವು. ಆ ದಿನವನ್ನು ನಾವು ನೆನೆಯುತ್ತೇವೆ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ನೆನೆಯುತ್ತೇವೆ. ಅದು ಉಚಿತವೇ ಆಗಿದೆ.

ಅದೇ ವರ್ಷದ ಮಾರ್ಚ್ 5ರಂದು, ಎಂದರೆ ಏಳು ವಾರ ಕಳೆಯುವುದರೊಳಗೆ, ಬ್ರಿಟಿಷ್ ಇಂಡಿಯಾದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದನ್ನು ನೆನೆಯುವವರು ಕಡಿಮೆ. ಕಾರ್ಮಿಕರ ಪರಿಹಾರ ಕಾಯಿದೆಗೆ ಅಂದು ಒಪ್ಪಿಗೆ ಬಿತ್ತು; 1924ರ ಜುಲೈ 1ರಿಂದ ಅದು ಜಾರಿಗೆ ಬಂತು. ದುಡಿಯುವಾಗ ಕೈ ಹೋದರೆ, ಕಣ್ಣು ಹೋದರೆ, ಪ್ರಾಣ ಹೋದರೆ ದುಡಿಸಿಕೊಂಡವನು ಇಷ್ಟು ಹಣ ಕೊಡತಕ್ಕದ್ದೆಂದು ಈ ದೇಶದಲ್ಲಿ ಮೊಟ್ಟಮೊದಲು ಸಾಮಾನ್ಯ ವಿಧಿಯಾಗಿ ಹೇಳಿದ ಶಾಸನ ಅದು. ಒಂದೇ ವರ್ಷದಲ್ಲಿ ಒಂದು ಕಡೆ ಮೈಸೂರು ಸೀಮೆಯ ಕಬ್ಬಿಣ, ಇನ್ನೊಂದು ಕಡೆ ಕಬ್ಬಿಣದ ನಡುವೆ ದುಡಿಯುವ ಕೈಗೆ ಬೆಲೆ. ಈ ಎರಡರಲ್ಲಿ ಮೊದಲನೆಯದನ್ನು ಕುರಿತು ಪುಸ್ತಕಗಳಿವೆ, ಪ್ರತಿಮೆಗಳಿವೆ. ಎರಡನೆಯದು ಕಾಯಿದೆ ಪುಸ್ತಕದಲ್ಲಿ ಒಂದು ಅನುಸೂಚಿಯಾಗಿ ಉಳಿಯಿತು. ಆ ಅನುಸೂಚಿಯ ಹಿಂದೆ ಇರುವ ಚರಿತ್ರೆಯನ್ನೂ, ಅದು ಭದ್ರಾವತಿ ಶಿವಮೊಗ್ಗಗಳ ದುಡಿಮೆಯ ಲೋಕಕ್ಕೆ ಏನು ಹೇಳುತ್ತದೆಂಬುದನ್ನೂ ವಿಚಾರಿಸುವುದು ಇಲ್ಲಿನ ಉದ್ದೇಶ.

ಮೊದಲು ಒಂದು ಶಬ್ದದ ವಿಚಾರ. ಇಂಥ ಪ್ರಸಂಗಗಳನ್ನು ನಾವು 'ಆಕಸ್ಮಿಕ' ಎನ್ನುತ್ತೇವೆ. 'ಕಸ್ಮಾತ್' ಎಂದರೆ ಏತರಿಂದ, ಯಾವ ಕಾರಣದಿಂದ. 'ಅಕಸ್ಮಾತ್' ಎಂದರೆ ಕಾರಣವೇ ಇಲ್ಲದೆ. ಹಾಗೆಂದಮೇಲೆ ಆಕಸ್ಮಿಕವೆಂಬುದು ಕಾರಣವನ್ನು ಕೇಳಬೇಡಿರೆಂದು ಮೊದಲೇ ಬಾಗಿಲು ಹಾಕಿಬಿಡುವ ಮಾತು. ನಮ್ಮ ಆಡುಮಾತಿನಲ್ಲಿ ಇದಕ್ಕಿಂತ ವಿಚಿತ್ರವಾದ ಪ್ರಯೋಗವೊಂದಿದೆ. 'ಯಂತ್ರ ಬೆರಳು ಕತ್ತರಿಸಿತು' ಎಂದು ನಾವು ಹೇಳುವುದಿಲ್ಲ. 'ಬೆರಳು ಹೋಯಿತು' ಎನ್ನುತ್ತೇವೆ, ಬೆರಳು ತಾನೇ ಎದ್ದು ಎಲ್ಲಿಗೋ ಹೊರಟುಹೋದಂತೆ. 'ಕೈ ಸಿಕ್ಕಿಕೊಂಡಿತು' ಎನ್ನುತ್ತೇವೆ, ಕೈ ತಾನೇ ಹೋಗಿ ಸಿಕ್ಕಿಬಿದ್ದಂತೆ. ಕರ್ತೃವಿನ ಸ್ಥಾನದಲ್ಲಿ ಸದಾ ಕೈಯೇ; ಯಂತ್ರವಿಲ್ಲ, ಅದನ್ನು ಅಲ್ಲಿಟ್ಟವನಿಲ್ಲ, ಅದರ ಬೇಲಿ ತೆಗೆದವನಿಲ್ಲ. ಆಡುವವರಿಗೆ ಇದರಲ್ಲಿ ದುರುದ್ದೇಶವಿಲ್ಲವೆಂಬುದು ನಿಜ. ಆದರೂ ನೂರೈವತ್ತು ವರ್ಷಗಳಿಗೆ ಮೀರಿದ ಕಾರ್ಮಿಕ ಶಾಸನಗಳ ಚರಿತ್ರೆಯನ್ನು ಒಂದು ವಾಕ್ಯದಲ್ಲಿ ಹೇಳಬೇಕಾದರೆ, ಅದು ಈ ವಾಕ್ಯಕ್ಕೆ ಸರಿಯಾದ ಕರ್ತೃಪದವನ್ನು ಹುಡುಕಿದ ಚರಿತ್ರೆ ಎನ್ನಬಹುದು.

ಕಬ್ಬಿಣದ ಕೆಲಸ ನಮಗೆ ಹೊಸದಲ್ಲ. ಊರೂರಿಗೂ ಕಮ್ಮಾರನಿದ್ದ. ಅವನ ಕೈಗೂ ಗಾಯವಾಗುತ್ತಿತ್ತು, ಕಿಡಿ ಸಿಡಿಯುತ್ತಿತ್ತು. ಆದರೆ ಅವನ ಸುತ್ತಿಗೆ ಅವನ ತೋಳಿನ ಬಲದಿಂದಲೇ ಏಳಬೇಕು, ಅವನ ತೋಳಿನ ಬಲದಿಂದಲೇ ಬೀಳಬೇಕು. ಕೈ ನಿಂತರೆ ಸುತ್ತಿಗೆ ನಿಂತಿತು. ಯಂತ್ರೋಪಕರಣದ ಸ್ವಭಾವ ಹಾಗಲ್ಲ. ಅದನ್ನು ತಿರುಗಿಸುವ ಬಲ ಬೇರೆಲ್ಲಿಂದಲೋ ಬರುತ್ತದೆ. ಕೈ ಬೆದರಿದರೂ ಅದು ಬೆದರದು, ಕೈ ನಿಂತರೂ ಅದು ನಿಲ್ಲದು. ಹಳೆಯ ಕಾಲದ ಯಂತ್ರಶಾಲೆಗಳಲ್ಲಿ ಒಂದು ಎಂಜಿನ್ನು ಅಥವಾ ಒಂದು ದೊಡ್ಡ ಮೋಟಾರು ಮಾಡಿನ ಕೆಳಗೆ ಉದ್ದಕ್ಕೂ ಹಾಯ್ದ ಒಂದು ಉಕ್ಕಿನ ಕಂಬಿಯನ್ನು ತಿರುಗಿಸುತ್ತಿತ್ತು. ಆ ಕಂಬಿಯಿಂದ ಇಳಿಬಿಟ್ಟ ಚರ್ಮದ ಪಟ್ಟಿಗಳು ಕೆಳಗಿನ ಒಂದೊಂದು ಲೇತನ್ನೂ ಒಂದೊಂದು ಬೈರಿಗೆ ಯಂತ್ರವನ್ನೂ ಆಡಿಸುತ್ತಿದ್ದುವು. ಪಟ್ಟಿ ಜಾರಿದರೆ ಅದನ್ನು ಮತ್ತೆ ಏರಿಸಬೇಕು. ಏರಿಸುವುದಕ್ಕೆಂದು ಎಲ್ಲವನ್ನೂ ನಿಲ್ಲಿಸಿದರೆ ಶಾಲೆಯ ಕೆಲಸವೆಲ್ಲ ನಿಲ್ಲುತ್ತದೆ. ಆದ್ದರಿಂದ ತಿರುಗುವ ಕಂಬಿಗೆ ಕೈಯೊಡ್ಡುವ ಪದ್ಧತಿ ಬಂತು. ಕಂಬಿಯ ಮೇಲೆ ಎದ್ದುನಿಂತ ಒಂದು ಸಣ್ಣ ತಿರುಪುಮೊಳೆ ಸಾಕು, ಅಂಗಿಯ ತೋಳನ್ನು ಹಿಡಿದು ಆಳನ್ನೇ ಮೇಲಕ್ಕೆ ಸುತ್ತಿಕೊಳ್ಳಲು.

ಈ ಕಂಬಿ ಪಟ್ಟಿಗಳ ಕಾಲ ಮುಗಿದು ಒಂದೊಂದು ಯಂತ್ರಕ್ಕೂ ತನ್ನದೇ ಮೋಟಾರು ಬಂದಮೇಲೆ ಅಪಾಯ ಮಾಡಿನಿಂದ ಇಳಿದು ಎದೆಯ ಮಟ್ಟಕ್ಕೆ ಬಂತು. ಲೇತಿನ ಲೆಕ್ಕವನ್ನೇ ನೋಡಿ. ಕಡೆಯಬೇಕಾದ ತುಂಡನ್ನು ಹಿಡಿದ ಚಕ್ ನಿಮಿಷಕ್ಕೆ 500 ಸುತ್ತು ತಿರುಗುತ್ತಿದೆ ಎನ್ನಿ. ಅದೇನೂ ಅತಿ ವೇಗವಲ್ಲ. ಸೆಕೆಂಡಿಗೆ ಎಂಟು ಸುತ್ತು ಆಯಿತು. ಅಪಾಯ ಕಂಡು ಮನುಷ್ಯ ಕೈ ಹಿಂದೆಗೆಯಲು ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಚಕ್ ಎರಡು ಸುತ್ತು ತಿರುಗಿರುತ್ತದೆ, ತೋಳಿನ ಬಟ್ಟೆ ಎರಡು ಸುತ್ತು ಸುತ್ತಿಕೊಂಡಿರುತ್ತದೆ. ತನಗೆ ಏನಾಗುತ್ತಿದೆಯೆಂದು ಆಳಿಗೆ ತಿಳಿಯುವ ಮೊದಲೇ ಆಗಬೇಕಾದುದು ಆಗಿಹೋಗಿರುತ್ತದೆ. ಕೈಗವಸು ಹಾಕಿಕೊಂಡರೆ ಕೈಗೆ ರಕ್ಷೆ ಎಂದು ಹೊರಗಿನವರು ತಿಳಿಯುತ್ತಾರೆ. ತಿರುಗುವ ಯಂತ್ರದ ಮುಂದೆ ಅದೇ ಶತ್ರು. ಬರಿಯ ಬೆರಳಾದರೆ ತರಚಿಕೊಂಡು ಪಾರಾಗಬಹುದಾದಲ್ಲಿ ಕೈಗವಸು ಇಡೀ ಕೈಯನ್ನು ಒಳಗೆಳೆಯುತ್ತದೆ. ಬೆರಳ ಉಂಗುರ, ಕೊರಳ ವಸ್ತ್ರ, ಇಳಿಬಿದ್ದ ಪಂಚೆಯ ಅಂಚು ಎಲ್ಲವೂ ಹಾಗೆಯೇ. ಸಾಣೆ ಚಕ್ರದ ಅಪಾಯ ಇನ್ನೊಂದು ಬಗೆ. ತನಗೆ ವಿಧಿಸಿದ ವೇಗವನ್ನು ಮೀರಿ ತಿರುಗಿದರೆ ಅದು ಸಿಡಿದು ಚೂರುಚೂರಾಗುತ್ತದೆ. ಸಿಡಿಯದಿದ್ದರೂ ಅದರ ಕಿಡಿ ಕಣ್ಣನ್ನು ಹುಡುಕಿಕೊಂಡು ಬರುತ್ತದೆ. ಒತ್ತುಯಂತ್ರ, ಎಂದರೆ ಪವರ್ ಪ್ರೆಸ್, ಇವೆಲ್ಲಕ್ಕಿಂತ ನಿರ್ದಯ. ತಗಡನ್ನು ಕತ್ತರಿಸಿ ಅಚ್ಚೊತ್ತಲೆಂದೇ ಮಾಡಿದ ಅದಕ್ಕೆ ತಗಡು ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ.

ಇವೆಲ್ಲಕ್ಕೂ ಕಾರಣವಿದೆ, ಕಾರಣವಿರುವುದರಿಂದ ತಡೆಯೂ ಇದೆ ಎಂದು ಮೊದಲು ಹೇಳಿದ ದೇಶ ಇಂಗ್ಲೆಂಡ್. ಯಂತ್ರಗಳು ಮೊದಲು ಹೆಚ್ಚಿದ್ದೂ ಅಲ್ಲಿಯೇ. ಗಿರಣಿಗಳ ತಿರುಗುವ ಕಂಬಿಗಳಿಗೆ ಬೇಲಿ ಹಾಕಬೇಕೆಂದು 1844ರಲ್ಲಿ ಅಲ್ಲಿ ಕಾಯಿದೆಯಾಯಿತು. ಕಾಯಿದೆಯ ಮಾತೂ ಬೇಲಿಯೇ. ನಮ್ಮ ರೈತ ಪೈರಿಗೆ ಬೇಲಿ ಹಾಕುವುದು ದನ ಬಂದು ಪೈರನ್ನು ಮೇಯದಿರಲೆಂದು. ಇಲ್ಲಿ ಬೇಲಿ ಒಳಗಿರುವುದು ಹೊರಗಿನವನನ್ನು ಮೇಯದಿರಲೆಂದು. ಗಿರಣಿಯ ಮಾಲೀಕರು ಇದನ್ನು ಒಪ್ಪಲಿಲ್ಲ. ಏಳಡಿಗೆ ಮೇಲ್ಪಟ್ಟ ಎತ್ತರದ ಕಂಬಿಗೆ ಬೇಲಿ ಯಾತಕ್ಕೆ ಎಂದರು, ಸಂಘ ಕಟ್ಟಿದರು. ಸಾಹಿತ್ಯದ ಓದುಗರು ಗಮನಿಸಬೇಕಾದ ಸಂಗತಿಯೆಂದರೆ, ಈ ಜಗಳದಲ್ಲಿ ಲೇಖಕರೂ ಎರಡು ಪಕ್ಷವಾದರು. ಚಾರ್ಲ್ಸ್ ಡಿಕನ್ಸ್ ತನ್ನ 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆಯಲ್ಲಿ 1854ರಿಂದ ಹೆನ್ರಿ ಮಾರ್ಲಿಯ ಲೇಖನಗಳನ್ನು ಪ್ರಕಟಿಸಿ ಯಂತ್ರಕ್ಕೆ ಸಿಕ್ಕಿ ನುಗ್ಗಾದವರ ಲೆಕ್ಕವನ್ನು ಊರ ಮುಂದಿಟ್ಟ. ಹ್ಯಾರಿಯೆಟ್ ಮಾರ್ಟಿನೋ ಎಂಬ ಪ್ರಸಿದ್ಧ ಲೇಖಕಿ 1855ರಲ್ಲಿ ಅದಕ್ಕೆ ಎದುರಾಗಿ ಒಂದು ಪುಸ್ತಿಕೆ ಬರೆದಳು. ಆಕೆ ನಿರ್ದಯಳಲ್ಲ, ಗುಲಾಮಗಿರಿಯ ವಿರುದ್ಧ ಹೋರಾಡಿದವಳು. ಆದರೂ ಸರ್ಕಾರ ಇಂಥದರಲ್ಲಿ ಕೈಹಾಕಬಾರದು, ಅವಘಡಗಳಲ್ಲಿ ಬಹುಪಾಲು ಕೆಲಸದವರ ಅಜಾಗರೂಕತೆಯ ಫಲ ಎಂಬುದು ಆಕೆಯ ಪಕ್ಷ. 1856ರಲ್ಲಿ ಕಾಯಿದೆ ಸಡಿಲವಾಯಿತು. ಆ ಜಗಳದ ಎರಡು ಪಕ್ಷಗಳೂ ಇಂದಿಗೂ ಜೀವಂತವಾಗಿವೆ.

ನಮ್ಮ ದೇಶಕ್ಕೆ ಬೇಲಿಯ ಕಾಯಿದೆ ಬಂದುದು 1881ರಲ್ಲಿ. ಆದರೆ ಬೇಲಿ ಬೇರೆ, ಪರಿಹಾರ ಬೇರೆ. 1884 ಎರಡು ದೂರದ ಊರುಗಳಲ್ಲಿ ಒಂದೇ ಮಾತು ಎದ್ದ ವರ್ಷ. ಜರ್ಮನಿಯಲ್ಲಿ ಬಿಸ್ಮಾರ್ಕನ ಸರ್ಕಾರ ಅಪಘಾತ ವಿಮೆಯ ಕಾನೂನು ಮಾಡಿತು; ತಪ್ಪು ಯಾರದೆಂದು ಕೇಳುವ ಬದಲು ಗಾಯಗೊಂಡವನ ಬದುಕು ನಡೆಯುವ ಬಗೆ ಹೇಗೆಂದು ಕೇಳಿದ ಕಾನೂನು ಅದು. ಅದೇ ವರ್ಷ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೆಲಸಗಾರರ ಸಭೆ ಕೂಡಿಸಿ ಸರ್ಕಾರಕ್ಕೆ ಮನವಿ ಸಲ್ಲಿಸಿದರು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಮುಂತಾದ ಬೇಡಿಕೆಗಳ ನಡುವೆ ಒಂದು ಹೀಗಿತ್ತು: ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ಪೂರ್ತಿ ಸಂಬಳ ಸಿಗಬೇಕು, ಜನ್ಮಕ್ಕೆ ಊನವಾದರೆ ಜೀವನೋಪಾಯ ಏರ್ಪಡಬೇಕು. ಬಿಸ್ಮಾರ್ಕನಿಗೆ ಅಧಿಕಾರವಿತ್ತು, ಕಾನೂನಾಯಿತು. ಲೋಖಂಡೆಯವರಿಗೆ ಜನವಿತ್ತು, ಮನವಿಯಾಯಿತು. ಆ ಮನವಿ ಕಾಯಿದೆಯಾಗಲು ಮೂವತ್ತೊಂಬತ್ತು ವರ್ಷ ಬೇಕಾಯಿತು. ಅದೇ ನಾನು ಆರಂಭದಲ್ಲಿ ಹೇಳಿದ 1923ರ ಕಾಯಿದೆ.

ಆ ಕಾಯಿದೆ ಭದ್ರಾವತಿಗೆ ತಾನಾಗಿ ಅನ್ವಯಿಸುವಂತಿರಲಿಲ್ಲ. ಮೈಸೂರು ದೇಶೀಯ ಸಂಸ್ಥಾನ. ಬ್ರಿಟಿಷ್ ಇಂಡಿಯಾದ ಶಾಸನ ಅದರ ಗಡಿಯಲ್ಲಿ ನಿಲ್ಲುತ್ತಿತ್ತು. ಸಂಸ್ಥಾನ ಅದೇ ಮಾದರಿಯಲ್ಲಿ ತನ್ನ ಕಾನೂನುಗಳನ್ನು ತಾನೇ ಮಾಡಿಕೊಳ್ಳುತ್ತ ಬಂತು. ಸಂವಿಧಾನ ಜಾರಿಗೆ ಬಂದ ಮೇಲೆ, 1950ರ ದಶಕದ ಆರಂಭದಲ್ಲಿ, ಅಖಿಲ ಭಾರತದ ಕಾರ್ಮಿಕ ಶಾಸನಗಳು ಇಲ್ಲಿಗೂ ಸಮನಾಗಿ ಬಂದುವು. ಅಷ್ಟರಲ್ಲಿ ಕಾರ್ಖಾನೆ ಬೆಳೆದಿತ್ತು. 1920ರ ದಶಕದಲ್ಲಿ ಬರಿಯ ಬೀಡುಕಬ್ಬಿಣ ಎರೆಯುತ್ತಿದ್ದುದು 1936ರಲ್ಲಿ ಉಕ್ಕಿನ ಕಾರ್ಖಾನೆಯಾಯಿತು. ಕೊಳವೆ ಎರಕ, ಸಿಮೆಂಟು, ಕಂಬಿ ಎಳೆಯುವ ರೋಲಿಂಗ್ ಮಿಲ್ಲು ಎಲ್ಲ ಸೇರಿದವು. ಇಷ್ಟೆಲ್ಲ ಯಂತ್ರಗಳನ್ನು ಸುಸ್ಥಿತಿಯಲ್ಲಿಡಲು ದೊಡ್ಡ ಯಂತ್ರಶಾಲೆ ಬೇಕು. ಸವೆದ ಉರುಳೆಗಳನ್ನು ಮತ್ತೆ ಕಡೆಯಬೇಕು, ಹಲ್ಲುಚಕ್ರಗಳನ್ನು ಕೆತ್ತಬೇಕು. ಟರ್ನರ್, ಫಿಟ್ಟರ್ ಎಂಬ ಶಬ್ದಗಳು ಮಲೆನಾಡಿನ ಮನೆಮಾತಾದುದು ಹೀಗೆ. ನಿನ್ನೆಯವರೆಗೆ ಗದ್ದೆಯ ಕೆಸರಿನಲ್ಲಿದ್ದ ಕೈ ಇಂದು ಮೈಕ್ರೋಮೀಟರಿನ ತಿರುಪನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಕೂದಲೆಳೆಯ ದಪ್ಪವನ್ನು ಅಳೆಯತೊಡಗಿತು. ಇದು ಸಣ್ಣ ಪರಿವರ್ತನೆಯಲ್ಲ.

ಆ ಪರಿವರ್ತನೆಗೆ ಶಿಕ್ಷಣ ಬೇಕೆಂಬುದನ್ನು ವಿಶ್ವೇಶ್ವರಯ್ಯನವರು ಕಂಡಿದ್ದರು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರು. ಆ ಸೇವೆಗೆ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ತಾವು ತೆಗೆದುಕೊಳ್ಳದೆ ಕಸಬು ಕಲಿಸುವ ಶಾಲೆಗೆ ವಿನಿಯೋಗಿಸುವಂತೆ ಮಾಡಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ 1943ರಲ್ಲಿ ಹುಟ್ಟಿದುದರ ಹಿಂದೆ ಭದ್ರಾವತಿಯ ಆ ಹಣವಿದೆ. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಯಂತ್ರ ಚಾಲೂ ಮಾಡಬಾರದು, ಲೇತಿನ ಬಾಲೆಬಾಲೆಯಾದ ಉಕ್ಕಿನ ಸುರುಳಿಯನ್ನು ಬರಿಗೈಯಲ್ಲಿ ಎಳೆಯಬಾರದು ಎಂಬ ಪಾಠಗಳು ಇಂಥ ಶಾಲೆಗಳಲ್ಲಿ ಮೊದಲ ಪಾಠ. ಕಲಿತ ಕೈ ಉಳಿಯುವ ಕೈ.

ಉಕ್ಕಿನ ಊರೊಂದು ತನ್ನ ಗಾಯಗಳನ್ನು ಎಣಿಸಿಕೊಂಡರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ದೃಷ್ಟಾಂತ. ಅಲ್ಲಿ ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಯುವ ವಕೀಲೆ 1906ರ ಜುಲೈಯಿಂದ ಒಂದು ವರ್ಷದಲ್ಲಿ ಒಂದೇ ಜಿಲ್ಲೆಯಲ್ಲಿ ದುಡಿಮೆಯಲ್ಲಿ ಸತ್ತವರನ್ನು ಎಣಿಸಿದಳು: 526 ಮಂದಿ. ಬರಿಯ ಎಣಿಕೆಯಲ್ಲಿ ನಿಲ್ಲದೆ ಒಂದೊಂದು ಸಾವು ಹೇಗಾಯಿತು, ಆ ಮನೆಗೆ ಎಷ್ಟು ಹಣ ಬಂತು ಎಂದು ವಿಚಾರಿಸಿದಳು. ಬಹುತೇಕ ಮನೆಗಳಿಗೆ ಬಂದುದು ಅತ್ಯಲ್ಪ. 1910ರಲ್ಲಿ ಆಕೆಯ ಪುಸ್ತಕ ಪ್ರಕಟವಾದ ಮೇಲೆ ಅಮೆರಿಕದ ರಾಜ್ಯಗಳು ಒಂದರ ಹಿಂದೊಂದು ಪರಿಹಾರದ ಶಾಸನ ಮಾಡಿದವು. ಎಣಿಸಿದ ಮೇಲೆಯೇ ಆಕಸ್ಮಿಕಕ್ಕೆ ಕಾರಣ ಕಾಣಿಸತೊಡಗಿತು.

ಇನ್ನು ಆ ಬೆಲೆಯ ಪಟ್ಟಿಗೆ ಬರೋಣ. 1923ರ ಕಾಯಿದೆಯ ಮೊದಲನೆಯ ಅನುಸೂಚಿಯನ್ನು ಓದಿದವರಿಗೆ ಅದು ಮರೆಯುವಂತಹದಲ್ಲ. ಕಾಲಕಾಲಕ್ಕೆ ತಿದ್ದುಪಡಿಯಾಗಿ ನಿಂತ ಅದರ ರೂಪದಲ್ಲಿ ಮನುಷ್ಯನ ದೇಹವನ್ನು ದುಡಿಮೆಯ ಶಕ್ತಿಯ ಶೇಕಡಾವಾರು ಲೆಕ್ಕದಲ್ಲಿ ಹಂಚಲಾಗಿದೆ. ಎರಡು ಕೈಯೂ ಹೋದರೆ ನೂರಕ್ಕೆ ನೂರು. ಒಂದು ಕೈ ಹೋದರೆ 60. ಒಂದು ಕಣ್ಣು ಹೋಗಿ ಇನ್ನೊಂದು ನೆಟ್ಟಗಿದ್ದರೆ 40. ಹೆಬ್ಬೆರಳಿಗೆ 30. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9, ಮೂಳೆಗೆ ತಾಗದೆ ತುದಿ ಮಾತ್ರ ಕತ್ತರಿಸಿದರೆ 5. ಮಧ್ಯದ ಬೆರಳಿಗೆ 12. ಉಂಗುರ ಬೆರಳು ಅಥವಾ ಕಿರುಬೆರಳು ಪೂರ್ತಿಯಾಗಿ ಹೋದರೆ 7. ತುದಿ ಮಾತ್ರವಾದರೆ 2.

ಇದನ್ನು ಓದಿ ಮೊದಲು ಹುಟ್ಟುವುದು ಜುಗುಪ್ಸೆ. ಏಕಲವ್ಯನ ಹೆಬ್ಬೆರಳಿಗೆ 30 ಎಂದು ಬರೆದಿಡುವುದೇ? ಆದರೆ ಸ್ವಲ್ಪ ತಾಳಿ ಯೋಚಿಸಬೇಕು. ಏಕಲವ್ಯನಿಗೆ ಸಿಕ್ಕಿದುದು ಕೀರ್ತಿ, ಪರಿಹಾರವಲ್ಲ. ಈ ಪಟ್ಟಿಗೆ ಮೊದಲು ಗಾಯಗೊಂಡ ಕೆಲಸಗಾರ ಧಣಿಯ ಮನೆಯ ಬಾಗಿಲಲ್ಲಿ ನಿಂತು ಬೇಡಬೇಕಿತ್ತು. ಕೊಟ್ಟರೆ ದಯೆ, ಕೊಡದಿದ್ದರೆ ಹಣೆಬರಹ. ಪಟ್ಟಿ ಬಂದ ಮೇಲೆ ಅದು ಹಕ್ಕಾಯಿತು. ತಪ್ಪು ಧಣಿಯದೆಂದು ಸಿದ್ಧಪಡಿಸುವ ಹೊರೆಯೂ ಇಲ್ಲವಾಯಿತು. ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಗಾಯವಾಯಿತೆಂದರೆ ಸಾಕು. ಆ ಒಣ ಅಂಕಿಗಳಲ್ಲಿ ಒಂದು ಬಗೆಯ ಮರ್ಯಾದೆಯಿದೆ.

ಆದರೂ ಪಟ್ಟಿಯ ಮಿತಿಯನ್ನೂ ಹೇಳಬೇಕು. ಕಾಯಿದೆಯ ಕೊನೆಯ ವರ್ಷಗಳ ಲೆಕ್ಕದಂತೆ, ತಿಂಗಳಿಗೆ 15,000 ರೂಪಾಯಿ ವೇತನದ, ಮೂವತ್ತು ವರ್ಷ ವಯಸ್ಸಿನ ಕೆಲಸಗಾರನ ಉಂಗುರ ಬೆರಳು ಪೂರ್ತಿ ಹೋದರೆ ಬರಬೇಕಾದ ಪರಿಹಾರ ಸುಮಾರು 1,31,000 ರೂಪಾಯಿ. ಹೆಬ್ಬೆರಳಾದರೆ ಸುಮಾರು 5,61,500. ಆದರೆ ಬೆರಳು ಬರಿಯ ಬೆರಳಲ್ಲ. ಕಿರುಬೆರಳು ಉಂಗುರ ಬೆರಳುಗಳಿಲ್ಲದೆ ಮುಷ್ಟಿ ಬಿಗಿಯುವುದಿಲ್ಲ. ಪಾನ ಹಿಡಿಯುವ ಫಿಟ್ಟರಿಗೆ ಮುಷ್ಟಿಯೇ ಬದುಕು. ಕಡೆದ ಮೈ ನುಣುಪಾಯಿತೇ ಎಂದು ಟರ್ನರ್ ಉಗುರಿನ ತುದಿಯಿಂದ ನೋಡುತ್ತಾನೆ. ಆ ತುದಿಗೆ 5. ಒಬ್ಬ ಗುಮಾಸ್ತನ ಕೈಗೂ ಒಬ್ಬ ಕಸಬುದಾರನ ಕೈಗೂ ಪಟ್ಟಿ ಒಂದೇ ಅಂಕಿ ಕೊಡುತ್ತದೆ.

ಈ ಕೊರತೆಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1975ರ ಡಿಸೆಂಬರಿನ ಒಂದು ತೀರ್ಪಿನಲ್ಲಿ ಗಮನಿಸಿತು. ಪ್ರತಾಪ ನಾರಾಯಣ ಸಿಂಗ್ ದೇವ್ ಮೊಕದ್ದಮೆಯೆಂದು ಅದು ಪ್ರಸಿದ್ಧ. ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿ ಬಿದ್ದು ಎಡತೋಳನ್ನು ಮೊಣಕೈಯ ಮೇಲಿನವರೆಗೆ ಕಳೆದುಕೊಂಡಿದ್ದ. ಪಟ್ಟಿಯ ಪ್ರಕಾರ ಅದು ಭಾಗಶಃ ಊನ. ಬಡಗಿಯ ಕೆಲಸ ಒಂದು ಕೈಯಲ್ಲಿ ಆಗುವುದಿಲ್ಲ. ಆದ್ದರಿಂದ ಅವನ ಪಾಲಿಗೆ ಅದು ಸಂಪೂರ್ಣ ಊನವೇ ಎಂದು ನ್ಯಾಯಾಲಯ ಹೇಳಿತು. ಪರಿಹಾರ ಕೊಡುವ ಹೊಣೆ ಹುಟ್ಟುವುದು ಗಾಯವಾದ ದಿನವೇ ಎಂದೂ ಹೇಳಿತು. ಅಂಗವನ್ನು ಅಳೆಯಬೇಡಿ, ಕಸಬನ್ನು ಅಳೆಯಿರಿ ಎಂಬುದು ಅದರ ಸಾರ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆ ಕೈ ಇದ್ದೇ ಇರುತ್ತದೆಂದು ನಂಬಿದ ಕಾಲದ್ದು. ಕೈಯೇ ಇಲ್ಲವಾದರೆ ಬಾಯಿಗೇನು ಎಂಬ ಪ್ರಶ್ನೆಗೆ ಈ ತೀರ್ಪು ಒಂದು ಉತ್ತರ.

ಆದರೆ ಪರಿಹಾರವೆಂಬುದು ಗಾಯವಾದ ನಂತರದ ಮಾತು. ಗಾಯವಾಗದಂತೆ ನೋಡಿಕೊಳ್ಳುವುದು 1948ರ ಕಾರ್ಖಾನೆಗಳ ಕಾಯಿದೆಯ ಕೆಲಸವಾಗಿತ್ತು. ಅದರ 21ನೆಯ ಕಲಮು ಬೇಲಿಯದು. ಲೇತಿನ ತಲೆಯ ಆಚೆಗೆ ಚಾಚಿಕೊಂಡ ಸಲಾಕೆಯನ್ನು ಕೂಡ ಅದು ಬಿಡದೆ ಹೆಸರಿಸುತ್ತದೆ. ಉದ್ದನೆಯ ಸಲಾಕೆ ತಿರುಗುತ್ತ ಬಾಗಿ ಬೀಸಿದರೆ ಹತ್ತಿರ ನಿಂತವನ ಗತಿಯೇನೆಂದು ಬಲ್ಲವರು ಬರೆದ ಮಾತು ಅದು. ಚಲಿಸುವ ಯಂತ್ರದ ಬಳಿ ಹೋಗುವವನಿಗೆ ಮೈಗಂಟುವ ಉಡುಪನ್ನು ಮಾಲೀಕನೇ ಒದಗಿಸಬೇಕೆಂದು 22ನೆಯ ಕಲಮು, ಸಾಣೆ ಚಕ್ರದ ವೇಗದ ಮಿತಿಯನ್ನು ಬರೆದು ತೂಗುಹಾಕಬೇಕೆಂದು 30ನೆಯದು, ಕಣ್ಣಿನ ರಕ್ಷಣೆಗೆ 35ನೆಯದು. ಸಾವಿರ ಮಂದಿಗೆ ಕಡಿಮೆಯಿಲ್ಲದ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಬೇಕೆಂಬುದು 1976ರ ತಿದ್ದುಪಡಿ. ಬೇಲಿಯ ಹೊಣೆ ಎಷ್ಟು ಕಠಿಣವೆಂಬುದನ್ನು 1955ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಒಂದು ಉಕ್ಕಿನ ಕಾರ್ಖಾನೆಯ ಮೊಕದ್ದಮೆಯಲ್ಲಿ ಹೇಳಿತ್ತು. ಸಾಣೆ ಚಕ್ರಕ್ಕೆ ಪೂರ್ತಿ ಬೇಲಿ ಹಾಕಿದರೆ ಸಾಣೆ ಹಿಡಿಯುವುದೇ ಆಗದು ಎಂದು ಮಾಲೀಕರು ವಾದಿಸಿದರು. ಹೆಬ್ಬೆರಳಿಗೆ ಗಾಯವಾದ ಕೆಲಸಗಾರನ ಪರವಾಗಿ ತೀರ್ಪಾಯಿತು: ಯಂತ್ರ ನಿರುಪಯುಕ್ತವಾದರೂ ಹೊಣೆ ತಪ್ಪದು.

ಇಷ್ಟಿದ್ದೂ ಬೆರಳುಗಳು ಏಕೆ ಹೋಗುತ್ತವೆ? ಬೇಲಿಯನ್ನು ಕೆಲಸಗಾರನೇ ತೆಗೆಯುತ್ತಾನೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅಮೆರಿಕದ ವಿಮಾ ಕಂಪನಿಯೊಂದರ ಹೆನ್‌ರಿಕ್ ಎಂಬುವನು 1931ರಲ್ಲಿ ನೂರಕ್ಕೆ 88 ಅವಘಡಗಳಿಗೆ ಕೆಲಸಗಾರರ ಅಪಾಯಕರ ವರ್ತನೆಯೇ ಕಾರಣವೆಂದು ಬರೆದ. ಆ ಅಂಕಿ ದೇಶದೇಶಗಳ ಕಾರ್ಖಾನೆಗಳಲ್ಲಿ ವೇದವಾಕ್ಯದಂತೆ ಹರಡಿತು. ಆ ಲೆಕ್ಕಕ್ಕೆ ಆಧಾರ ಮೇಲ್ವಿಚಾರಕರೂ ವಿಮೆಯವರೂ ಬರೆದ ವರದಿಗಳೆಂದು ಆಮೇಲೆ ವಿಮರ್ಶಕರು ತೋರಿಸಿದರು. ವರದಿ ಬರೆಯುವವನು ತನ್ನ ಮೇಲೆ ತಪ್ಪು ಹೊರಿಸಿಕೊಂಡು ಬರೆಯುವುದು ಅಪರೂಪ.

ಬೇಲಿ ತೆಗೆಯುವ ಕೈ ಕೆಲಸಗಾರನದೇ ಆಗಿರಬಹುದು. ಆದರೆ ಏಕೆ ತೆಗೆಯುತ್ತಾನೆ? ಎಣಿಕೆಯ ಮೇಲೆ ಕೂಲಿ. ಬೇಲಿ ಎತ್ತಿ ಇಳಿಸುವ ಒಂದೊಂದು ಸಲವೂ ಕೆಲವು ಕ್ಷಣ ಹೋಗುತ್ತದೆ. ದಿನದ ಕೊನೆಗೆ ಅದು ಹತ್ತಾರು ತುಂಡುಗಳ ನಷ್ಟ. ಒತ್ತುಯಂತ್ರಕ್ಕೆ ಎರಡು ಗುಂಡಿಗಳನ್ನಿಟ್ಟಿರುವುದು ಎರಡು ಕೈಯೂ ಅಚ್ಚಿನಿಂದ ದೂರವಿರಲೆಂದು. ಒಂದು ಗುಂಡಿಯನ್ನು ತಂತಿಯಿಂದ ಬಿಗಿದುಬಿಟ್ಟರೆ ಒಂದು ಕೈ ಬಿಡುವಾಗುತ್ತದೆ, ಕೆಲಸ ಬೇಗ ಸಾಗುತ್ತದೆ. ಮೇಸ್ತ್ರಿ ಅದನ್ನು ಕಾಣದವನಲ್ಲ. ಉತ್ಪಾದನೆ ಏರಿದ ದಿನಗಳಲ್ಲಿ ಅದು ಜಾಣತನ, ಬೆರಳು ಹೋದ ದಿನ ಅದೇ ಅಪರಾಧ. 1923ರ ಕಾಯಿದೆಯಲ್ಲೂ ಇದಕ್ಕೊಂದು ಮಾತಿತ್ತು. ಕೆಲಸಗಾರ ಬೇಕೆಂದೇ ರಕ್ಷಣೆಯನ್ನು ತೆಗೆದದ್ದರಿಂದ ಗಾಯವಾದರೆ, ಸಾವು ಅಥವಾ ಪೂರ್ಣ ಊನದ ಪ್ರಸಂಗ ಬಿಟ್ಟು, ಪರಿಹಾರವಿಲ್ಲ. 'ಬೇಕೆಂದೇ' ಎಂಬ ಆ ಒಂದು ಮಾತಿನ ಮೇಲೆ ಎಷ್ಟೋ ಬೆರಳುಗಳ ಭವಿಷ್ಯ ನಿಂತಿದೆ. ಬೇಕಾದುದು ಯಾರಿಗೆ ಎಂದು ಕೇಳಿದರೆ ಆ ಮಾತಿನ ಅರ್ಥ ಬದಲಾಗುತ್ತದೆ.

ಇನ್ನು ಕೊನೆಯದಾಗಿ, ಇದೆಲ್ಲ ಯಾರಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ. ದೊಡ್ಡ ಕಾರ್ಖಾನೆಗೆ ದೊಡ್ಡ ದೋಷಗಳಿದ್ದಿರಬಹುದು. ಆದರೆ ಭದ್ರಾವತಿಯಂಥ ಕಡೆ ಹೆಸರು ಬರೆದ ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು, ಕಾರ್ಮಿಕ ಸಂಘವಿತ್ತು. ಕಾಯಿದೆ ಬಂದು ನಿಲ್ಲಲು ಒಂದು ಹೆಬ್ಬಾಗಿಲಿತ್ತು. ಆ ಕಾರ್ಖಾನೆ 1962ರಲ್ಲಿ ಕಂಪನಿಯಾಗಿ, ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತು. ವರ್ಷವರ್ಷಕ್ಕೂ ಕುಗ್ಗುತ್ತ ಬಂದ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದುದು 2023ರ ಜನವರಿಯಲ್ಲಿ, ಅದಕ್ಕೆ ನೂರು ವರ್ಷ ತುಂಬಿದ ತಿಂಗಳಲ್ಲೇ. ಕಾರ್ಮಿಕರು ಪ್ರತಿಭಟಿಸಿದರು, ಅದೇ ವರ್ಷ ಕೆಲವು ಘಟಕಗಳು ಮತ್ತೆ ನಡೆದವು. ಆದರೆ ಲೋಹದ ಕೆಲಸ ಜಿಲ್ಲೆಯಿಂದ ಹೋಗಲಿಲ್ಲ. ಶಿವಮೊಗ್ಗ ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಎರಕದ ಮನೆಗಳೂ ಯಂತ್ರಶಾಲೆಗಳೂ ಎದ್ದಿವೆ. ನಗರದ ಸಾಗರ ರಸ್ತೆಯ ಕಡೆ ವಾಹನಗಳ ದುರಸ್ತಿಯ ಸಾಲುಗಳಿವೆ. ಇವುಗಳಲ್ಲಿ ದೊಡ್ಡವೂ ಇವೆ, ಸುವ್ಯವಸ್ಥಿತವಾದವೂ ಇವೆ. ಒಂದೆರಡು ಲೇತು, ಒಂದು ಬೈರಿಗೆ ಯಂತ್ರ, ಒಂದು ಸಾಣೆ ಚಕ್ರವಿಟ್ಟುಕೊಂಡು ನಾಲ್ಕಾರು ಮಂದಿ ದುಡಿಯುವ ಸಣ್ಣ ಮಳಿಗೆಗಳೂ ಇವೆ. ಹತ್ತಿರದ ಹರಿಹರದಲ್ಲಿ 1941ರಿಂದ ಲೇತುಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಈಗ ಇಲ್ಲ. ಇಂಥ ಮಳಿಗೆಗಳಲ್ಲಿ ಹಳೆಯ ಲೇತು ಕೈಯಿಂದ ಕೈಗೆ ಮಾರಾಟವಾಗಿ ಬರುವುದುಂಟು. ಹಾಗೆ ಬರುವಾಗ ಲೇತು ಬರುತ್ತದೆ, ಅದರ ಬೇಲಿ ಎಲ್ಲೋ ದಾರಿಯಲ್ಲಿ ಉಳಿದಿರುತ್ತದೆ.

ಕಾರ್ಖಾನೆ ಎಂದರೇನು ಎಂಬ ವ್ಯಾಖ್ಯೆಯ ಚರಿತ್ರೆಯನ್ನು ಇಲ್ಲಿ ನೋಡಬೇಕು. 1881ರಲ್ಲಿ 100 ಮಂದಿ ದುಡಿದರೆ ಕಾರ್ಖಾನೆ. 1891ರಲ್ಲಿ 50. 1922ರಲ್ಲಿ 20. ಸ್ವತಂತ್ರ ಭಾರತದ 1948ರ ಕಾಯಿದೆಯಲ್ಲಿ, ವಿದ್ಯುಚ್ಛಕ್ತಿಯೇ ಮೊದಲಾದ ಶಕ್ತಿಯನ್ನು ಬಳಸುವ ಕಡೆ, 10. ಅರುವತ್ತೇಳು ವರ್ಷಗಳಲ್ಲಿ ಮಿತಿ ಇಳಿಯುತ್ತ ಇಳಿಯುತ್ತ ಸಣ್ಣ ಮಳಿಗೆಯ ಹೊಸ್ತಿಲವರೆಗೆ ಬಂತು. ಆ ಕಾಯಿದೆಯ ಬದಲಿಗೆ ಬಂದ 2020ರ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಯಿತು. ಅದರಲ್ಲಿ ಈ ಸಂಖ್ಯೆ ಮತ್ತೆ 20. ಹೊಸ ಸಂಹಿತೆಗಳಲ್ಲಿ ನೇಮಕದ ಪತ್ರ, ವೈದ್ಯ ತಪಾಸಣೆ ಮುಂತಾದ ಒಳ್ಳೆಯ ಅಂಶಗಳಿವೆ, ಪರಿಹಾರದ ಪಟ್ಟಿಯೂ ಮುಂದುವರಿದಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕಾರ್ಖಾನೆಯೆಂಬ ಹೆಸರಿನ ಗೆರೆ ಮೇಲಕ್ಕೆ ಸರಿದಿದೆ. ಹನ್ನೆರಡು ಮಂದಿ ದುಡಿಯುವ ಯಂತ್ರಶಾಲೆ ನಿನ್ನೆ ಕಾರ್ಖಾನೆಯಾಗಿತ್ತು, ಇಂದು ಅಲ್ಲ. ಅಲ್ಲಿನ ಲೇತು ತಿರುಗುವುದು ಮಾತ್ರ ಅದೇ ವೇಗದಲ್ಲಿ.

ಆಯುಧಪೂಜೆಯ ದಿನ ಈ ಎಲ್ಲ ಮಳಿಗೆಗಳಲ್ಲೂ ಯಂತ್ರಗಳನ್ನು ತೊಳೆದು ಒರೆಸಿ ಕುಂಕುಮವಿಡುತ್ತಾರೆ, ಹೂವೇರಿಸುತ್ತಾರೆ, ಕುಂಕುಮ ತುಂಬಿದ ಬೂದುಗುಂಬಳವನ್ನು ಬಾಗಿಲಲ್ಲಿ ಒಡೆಯುತ್ತಾರೆ. ಬಲಿಯ ಬದಲಿಗೆ ಕುಂಬಳ ಎಂಬ ಅರ್ಥ ಆ ಆಚಾರದಲ್ಲಿದೆ. ಯಂತ್ರಕ್ಕೆ ಹಸಿವಿದೆ ಎಂಬುದನ್ನು ನಮ್ಮ ಜನ ಬಲ್ಲರು. ಯಂತ್ರ ತೊಳೆದ ಆ ದಿನವೇ ಅದರ ಕಳಚಿದ ಬೇಲಿಯನ್ನೂ ಹುಡುಕಿ ತಂದು ತೊಳೆದು ಮತ್ತೆ ಅದರ ಸ್ಥಾನದಲ್ಲಿ ಕೂರಿಸಬಹುದು. ತಂತಿಯಿಂದ ಬಿಗಿದ ಗುಂಡಿಯನ್ನು ಬಿಡಿಸಬಹುದು. ಯಾವ ತಿಂಗಳು ಯಾವ ಯಂತ್ರದಲ್ಲಿ ಯಾರಿಗೆ ಗಾಯವಾಯಿತು, ಬೇಲಿ ಇತ್ತೇ ಇಲ್ಲವೇ ಎಂದು ಒಂದು ಪುಸ್ತಕದಲ್ಲಿ ಬರೆದಿಡಬಹುದು. ಇದಕ್ಕೆ ಇಪ್ಪತ್ತು ಜನ ಬೇಕಿಲ್ಲ, ಶಾಸನವೂ ಬೇಕಿಲ್ಲ. ಬರೆದಿಟ್ಟ ಪುಸ್ತಕ ಊರಿಗೊಂದಾದರೆ ಆಕಸ್ಮಿಕವೆಂಬ ಮಾತಿನ ಬಾಗಿಲು ತೆರೆಯುತ್ತದೆ. ಅದರ ಹಿಂದೆ ಇದ್ದ 'ಕಸ್ಮಾತ್' ಎಂಬ ಪ್ರಶ್ನೆ ನಮ್ಮ ಮುಂದೆ ಬಂದು ನಿಲ್ಲುತ್ತದೆ.